ಎರಡನೇ ಸಲ ಅದ್ದಿದಾಗ

ಒಸಾಕಾ
ಮೇ ೨೯

ಪ್ರೀತಿಯ ತಂಗಿ ಫುಮಿಯೆಗೆ,

ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೇ? ನೀನು ಮತ್ಸುಯಾಮಾದಿಂದ ಕಳಿಸಿದ ಕಿತ್ತಳೆ ಬಂದು, ತಿಂದು ಮುಗಿದು, ಖಾಲಿ ಪೆಟ್ಟಿಗೆಯಲ್ಲಿ ಈಗ ಚಳಿಗಾಲದ ಸಾಕ್ಸುಗಳು ಕೂತಿವೆ. ಇಷ್ಟಾದರೂ ಅಕ್ಕ ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀ. ಬೈಯಿ, ಸಾಲದಿದ್ದರೆ ನಿನ್ನ ಗಂಡನಿಂದಲೂ ಬೈಸು. ಫೋನಿನಲ್ಲಿ “ಕನಾಯೆ ಏನಂದ್ಳು?” ಎಂದು ನೀನು ಕೇಳಿದಾಗಲೆಲ್ಲ ಬಾಗಿಲಿಗೆ ಯಾರೋ ಬಂದರು ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಯಾರೂ ಬಂದಿರಲಿಲ್ಲ.

ಅವಳ ಮದುವೆ ಅಕ್ಟೋಬರಿಗೆ ಎಂದು ನಿನಗೆ ಗೊತ್ತೇ ಇದೆ. ಅವಳ ಅಪ್ಪ ಇಸಾಮು ಬದುಕಿದ್ದಿದ್ದರೆ ಮದುಮಗಳ ತಂದೆತಾಯಿಯ ಮೇಜಿನಲ್ಲಿ ನಾವಿಬ್ಬರೂ ಕೂರುತ್ತಿದ್ದೆವು, ಅದರಲ್ಲಿ ಮಾತೇ ಇರಲಿಲ್ಲ. ಈಗ ಅವರಿಲ್ಲ. ಹಿಮೇಜಿಯಲ್ಲಿ ಅವಳನ್ನು ಹೆತ್ತ ಸೆತ್ಸುಕೊ ಇದ್ದಾಳೆ, ಇಲ್ಲಿ ಮಗುವಿಗೆ ಒಂಬತ್ತು ತುಂಬಿದಾಗಿನಿಂದ ಸಾಕಿದ ನಾನಿದ್ದೇನೆ. ಆ ಮೇಜಿಗೆ ಯಾರು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ. ಅಷ್ಟರಲ್ಲಿ ಕನಾಯೆಯೇ ಫೋನು ಮಾಡಿದಳು. “ಶಿಜುಯೊಸಾನ್, ಶನಿವಾರ ಕುಶಿಕಾತ್ಸು ತಿನ್ನೋಣ್ವಾ? ನಾವಿಬ್ರೇ. ಒಂದ್ ವಿಷ್ಯ ಮಾತಾಡ್ಬೇಕು.” ಅಂದಿನಿಂದ ಶನಿವಾರದವರೆಗೆ ನನಗೆ ಒಂದೇ ಯೋಚನೆ. ಅನ್ನಕ್ಕೆ ನೀರು ಇಟ್ಟು ಅಕ್ಕಿ ಹಾಕುವುದನ್ನೇ ಮರೆತೆ.

ಕಡ್ಡಿಗೆ ಚುಚ್ಚಿ ಕರಿದು ಕೊಡುವ ಶಿನ್‌ಸೆಕಾಯಿಯ ಆ ಕುಶಿಕಾತ್ಸು ಅಂಗಡಿ ನಿನಗೆ ನೆನಪಿದೆಯೋ ಇಲ್ಲವೋ. ನನ್ನ ಮದುವೆಯ ವರ್ಷ ನೀನು ಬಂದಾಗ, ಕಚ್ಚಿದ ಕಡ್ಡಿಯನ್ನು ಮತ್ತೆ ಸಾಸಿಗೆ ಇಳಿಸಲು ಹೋಗಿ ಯಜಮಾನನ ಕೈಲಿ ಬೈಸಿಕೊಂಡೆಯಲ್ಲ, ಅದೇ. ಆಗ ಕೂತು ತಿನ್ನುವ ಇಡೀ ಕಟ್ಟೆಗೆ ಸಾಸಿನದು ಒಂದೇ ಡಬ್ಬ, ಊರಿನವರೆಲ್ಲ ಅದರಲ್ಲೇ ಅದ್ದಬೇಕು. ಅದಕ್ಕೇ ಕಚ್ಚುವ ಮುಂಚೆ ಒಂದು ಸಲ, ಅಷ್ಟೇ. ಸಾಲದಿದ್ದರೆ ಎಲೆಕೋಸಿನ ತುಂಡಿನಲ್ಲಿ ಸಾಸ್ ಮೊಗೆದು ಮೇಲೆ ಸುರಿದುಕೊಳ್ಳಬೇಕು. ಆ ರೋಗದ ವರ್ಷಗಳು ಕಳೆದ ಮೇಲೆ ದೊಡ್ಡ ಡಬ್ಬ ಹೋಗಿದೆ. ಈಗ ಜೊತೆಯಲ್ಲಿ ಬಂದವರಿಗೆ ಒಂದು ಸಣ್ಣ ಡಬ್ಬ ಕೊಡುತ್ತಾರೆ. ನಿಮ್ಮ ಡಬ್ಬ, ನಿಮ್ಮ ಇಷ್ಟ.

ಕೂತ ತಕ್ಷಣ ನಾನು ನನ್ನ ಹಳೇ ಕೆಲಸ ಶುರುಮಾಡಿದೆ, ಅಕ್ಕಪಕ್ಕದ ತಟ್ಟೆ ನೋಡುವುದು. ಬಯ್ಯಬೇಡ. ಬ್ರೆಡ್ಡಿನ ಪುಡಿ ಮೆತ್ತಿಕೊಂಡರೆ ತಾವರೆ ಬೇರೂ ಒಂದೇ, ಮೀನೂ ಒಂದೇ, ಒಳಗೇನಿದೆ ಎಂದು ಕಚ್ಚುವವರೆಗೆ ತಿಳಿಯುವುದಿಲ್ಲ. ಪಕ್ಕದ ಗಂಡಸು ಉದ್ದನೆಯದೊಂದನ್ನು ಎತ್ತಿದ್ದೇ ತಡ, ಕೇಳಿಯೇಬಿಟ್ಟೆ. “ಅದೇನ್ರೀ ಅದು?”

“ಬಾಳೆಹಣ್ಣು.”

“ಬಾಳೆಹಣ್ಣನ್ನೂ ಬಿಟ್ಟಿಲ್ವಾ ಇವ್ರು! ಚೆನ್ನಾಗಿದ್ಯಾ?”

“ನಾನಿನ್ನೂ ಕಚ್ಚೇ ಇಲ್ಲ, ತಾಯಿ!”

ಕನಾಯೆ ಮುಖ ಮುಚ್ಚಿಕೊಂಡು ನಕ್ಕಳು. ಇಸಾಮುವಿನ ನಗು ಅದು, ಭುಜ ಮಾತ್ರ ಅಲುಗುತ್ತದೆ.

ಆದರೆ ನನ್ನ ಕಣ್ಣು ನಿಜವಾಗಿ ಇದ್ದದ್ದು ಆ ಸಣ್ಣ ಡಬ್ಬದ ಮೇಲೆ. ಯಾಕೆಂದು ನಿನಗೆ ಎಂದೂ ಹೇಳಿಲ್ಲ. ಇಸಾಮು ಭಾನುವಾರ ಮನೆಯಲ್ಲೇ ಕರಿಯುತ್ತಿದ್ದರು, ಮೇಜಿನ ನಡುವೆ ಒಂದೇ ಬಟ್ಟಲಿನಲ್ಲಿ ಸಾಸ್ ಇಡುತ್ತಿದ್ದರು. “ಆ ರೂಲ್ಸೆಲ್ಲ ಹೊರಗಿನೋರಿಗೆ, ಮನೇಲಿ ಎಷ್ಟ್ ಸಲ ಬೇಕಾದ್ರೂ ಅದ್ದಿ” ಎನ್ನುತ್ತಿದ್ದರು. ಅಪ್ಪ ಮಗಳು ಹಾಗೆಯೇ ತಿನ್ನುತ್ತಿದ್ದರಂತೆ. ನಾನು ಬಂದು ಕೂತ ಮೊದಲ ಭಾನುವಾರ ಆ ಪುಟ್ಟ ಹುಡುಗಿ ಒಂದೇ ಸಲ ಅದ್ದಿದಳು. ಸಾಲದ್ದಕ್ಕೆ ಎಲೆಕೋಸಿನಲ್ಲಿ ಮೊಗೆದುಕೊಂಡಳು, ಥೇಟ್ ಅಂಗಡಿಯಲ್ಲಿ ಅಪರಿಚಿತರ ಮಧ್ಯೆ ಕೂತವಳ ಹಾಗೆ. ಮುಂದಿನ ಭಾನುವಾರವೂ ಅಷ್ಟೇ. ದೊಡ್ಡವಳಾದಳು, ಕಾಲೇಜು ಮುಗಿಸಿದಳು, ಕೆಲಸಕ್ಕೆ ಸೇರಿದಳು, ಅದೊಂದು ಬದಲಾಗಲಿಲ್ಲ. ನನಗೆ ಒಂದು ದಿನವೂ ಎದುರಾಡಿದವಳಲ್ಲ, ಜ್ವರ ಬಂದರೆ ರಾತ್ರಿಯೆಲ್ಲ ತಲೆದೆಸೆಯಲ್ಲಿ ಕೂತವಳು. ಆದರೂ ಎಲೆಕೋಸು. ಇಸಾಮು ಗಮನಿಸಿರಲೇ ಇಲ್ಲ, ಗಂಡಸರಿಗೆ ಅದೆಲ್ಲ ಎಲ್ಲಿ ಕಾಣುತ್ತದೆ! ಅವಳಿಗೆ ಮುಜುಗರವಾಗದಿರಲಿ ಎಂದು ನಾನೂ ಒಂದೇ ಸಲ ಅದ್ದುವುದನ್ನು ರೂಢಿ ಮಾಡಿಕೊಂಡೆ.

ಶನಿವಾರವೂ ಮೊದಲು ಹಾಗೆಯೇ ನಡೆಯಿತು. ದನದ ಮಾಂಸ, ಲಾವಕ್ಕಿ ಮೊಟ್ಟೆ, ತಾವರೆ ಬೇರು, ಎಲ್ಲವನ್ನೂ ಒಂದೊಂದೇ ಸಲ ಅದ್ದಿದೆವು. ನಾನು ಎಲೆಕೋಸಿಗೆ ಕೈ ಹಾಕಿದೆ. ಅವಳು ಮದುವೆ ಮಂಟಪದ ಹೂವಿನ ಬಗ್ಗೆ ಏನೋ ಹೇಳುತ್ತಿದ್ದಳು. ಬಿಳಿಯದು ಬೇಕಂತೆ, ಅತ್ತೆಗೆ ಗುಲಾಬಿ ಬಣ್ಣದ್ದು ಬೇಕಂತೆ. ಹೇಳುತ್ತಲೇ ಕೆಂಪು ಶುಂಠಿಯ ಕಡ್ಡಿ ಎತ್ತಿ ಕಚ್ಚಿದಳು. ಹೇಳುತ್ತಲೇ ಅದನ್ನು ಮತ್ತೆ ಡಬ್ಬಕ್ಕೆ ಇಳಿಸಿದಳು.

ನನಗೆ ಹೂವಿನ ಮಾತು ಅಲ್ಲಿಂದ ಮುಂದೆ ಕೇಳಿಸಲಿಲ್ಲ. ಮರೆತು ಅದ್ದಿದಳೋ, ಬೇಕೆಂದೇ ಅದ್ದಿದಳೋ? ನೋಡಿಯೇ ಬಿಡೋಣ ಎಂದು ನಾನೂ ನನ್ನ ಶುಂಠಿಯನ್ನು ಅರ್ಧ ಕಚ್ಚಿ ಮೆಲ್ಲಗೆ ಡಬ್ಬದ ಹತ್ತಿರ ಒಯ್ದೆ. ಅದ್ದಿಯೂ ಅದ್ದಿದೆ.

“ಏಯ್! ಅಲ್ಲಿ! ಎರಡ್ನೇ ಸಲ ಅದ್ಬೇಡಿ!”

ಯಜಮಾನ ಎಣ್ಣೆ ಬಾಣಲೆಯ ಹಿಂದಿನಿಂದ ಕೂಗಿದ್ದ. ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಕೈಯೂ ನಿಂತುಹೋಯಿತು, ಬಾಳೆಹಣ್ಣಿನವನದ್ದೂ ಸೇರಿ. ಅವನು ತನ್ನ ತಲೆಗೆ ತಾನೇ ಪಟ್ಟನೆ ಹೊಡೆದುಕೊಂಡ. “ಅಯ್ಯೋ, ಈಗ ಆ ರೂಲ್ಸೇ ಇಲ್ವಲ್ಲ! ತಪ್ಪಾಯ್ತು ಅಕ್ಕಾವ್ರೇ. ಹುಡುಗನಾಗಿದ್ದಾಗಿಂದ ಕೂಗ್ತಿರೋ ಬಾಯಿ, ನನ್ ಮಾತೇ ಕೇಳಲ್ಲ ಇದು.”

ಎಲ್ಲರೂ ನಕ್ಕರು. ಆಗ ಕನಾಯೆ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು ಹೇಳಿದಳು. “ಯಜಮಾನ್ರೇ, ಅಮ್ಮ ಮಗಳು ಒಂದೇ ಡಬ್ಬದಲ್ಲಿ ತಿಂದ್ರೆ ನಿಮ್ಗೇನ್ ಕಷ್ಟ?”

ಇಷ್ಟು ವರ್ಷ ಶಿಜುಯೊಸಾನ್ ಎಂದು ಹೆಸರು ಹಿಡಿದೇ ಕರೆದವಳು ಅಮ್ಮ ಎಂದಳು, ಫುಮಿಯೆ. ನನ್ನನ್ನು ನೋಡಿ ಹೇಳಲಿಲ್ಲ, ಎಣ್ಣೆಯ ಹೊಗೆಯಲ್ಲಿ ನಿಂತ ಹೊರಗಿನವನಿಗೆ ಹೇಳಿದಳು. ಆದರೂ ಹೇಳಿದಳು. ನನ್ನ ಮೇಲೆ ಕೂಗಿದನೆಂದು ಸಿಟ್ಟಿಗೆ ಬಂದ ಮಾತೋ, ಎಂದಿನಿಂದಲೋ ಒಳಗೆ ಕಾದು ಕೂತಿದ್ದ ಮಾತೋ? ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ಯಾರ ತಟ್ಟೆಯಲ್ಲೇನಿದೆ ಎಂದು ಕೇಳಿಯೇ ತೀರುವ ನಾನು ಅದನ್ನು ಮಾತ್ರ ಕೇಳಲಿಲ್ಲ. ಸುಮ್ಮನೆ ಅದ್ದಿ ತಿಂದೆ, ಮತ್ತೆ ಅದ್ದಿ ತಿಂದೆ. ಯಜಮಾನ ತಪ್ಪಿಗೆಂದು ಎರಡು ಬಾಳೆಹಣ್ಣಿನ ಕಡ್ಡಿ ತಂದಿಟ್ಟ. ಚೆನ್ನಾಗಿಯೇ ಇತ್ತು.

ಅವಳು ಮಾತಾಡಬೇಕಿದ್ದ ವಿಷಯವೂ ಆಮೇಲೆ ಬಂತು. ಅದು ಹಾಗಿರಲಿ. ಅಂದು ನಾನು ಸಂತೋಷಪಟ್ಟೆ, ಅದನ್ನು ಮೊದಲು ನೀನು ತಿಳಿಯಬೇಕಿತ್ತು.

ನಿನ್ನ ಗಂಡ ಹೆಚ್ಚು ಕುಡಿಯದಿರಲಿ, ಮೊಮ್ಮಗನಿಗೆ ನನ್ನದೊಂದು ಮುತ್ತು ಕೊಡು. ನಿನ್ನ ಕಣ್ಣೂ ಸೂಜಿ ಹಿಡಿಯುವ ಕೈಯೂ ನೂರು ಕಾಲ ಚೆನ್ನಾಗಿರಲಿ.

ನಿನ್ನ ಅಕ್ಕ,
ಶಿಜುಯೊ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಚಹಾ ಬಂದ ಮೇಲೆ ಕನಾಯೆ ನನ್ನ ಕೈ ಹಿಡಿದುಕೊಂಡಳು. “ಮದ್ವೇಲಿ ಆ ಮೇಜಿಗೆ ಹಿಮೇಜಿ ಅಮ್ಮನ್ನ ಕೂರಿಸ್ಲಾ? ಅವ್ರಿಗೆ ನನ್ ಜೊತೆ ಅದೊಂದೇ ದಿನ ಇರೋದು. ನಿಮ್ಗೆ ಎಲ್ಲಾ ದಿನಾನೂ ಇದೆ. ನಿಮ್ ಜಾಗದಲ್ಲಿ ಬೇರೆ ಯಾರಾದ್ರೂ ಆಗಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ.” ನಾನು ಹೂಂ ಎಂದೆ. ಅವಳ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ನನಗೂ ಆ ಒಂದು ದಿನವೇ ಬೇಕಿತ್ತು.

ಮದುಮಗಳ ತಾಯಿ ಉಡುವ ಕಪ್ಪು ಕಿಮೊನೊ ಸೆತ್ಸುಕೊ ಹತ್ತಿರ ಇಲ್ಲವಂತೆ. ನೀನು ಚಳಿಗಾಲವಿಡೀ ಕೂತು ನನಗೆಂದು ಹೊಲಿದದ್ದನ್ನೇ ಕೊಡುತ್ತೇನೆ ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಬಯ್ಯಬೇಡ. ಅವಳ ತೋಳು ನನ್ನದಕ್ಕಿಂತ ಗಿಡ್ಡ. ಬಟ್ಟೆ ಕತ್ತರಿಸದೆ ತೋಳನ್ನು ಒಳಗೆ ಮಡಚಿ ಹೊಲಿಯುವುದು ಹೇಗೆಂದು ಬರೆದು ತಿಳಿಸು. ಆಮೇಲೆ ಬಿಚ್ಚಲು ಬರುವ ಹಾಗಿರಲಿ.