ಕ್ಯಾಪ್ಟನ್ ಓದಲಿರುವ ಹಾಳೆ

ಕೊಟ್ಟೂರು, ಶನಿವಾರ, ಜೂನ್ ೧೪

‘ಹಗರಿ ನೌಕೆ’ ಪುಸ್ತಕವಾಗಿ ಬಂತು. ನಮ್ಮ ಸಮುದಾಯ ರೇಡಿಯೊದಲ್ಲಿ ವರ್ಷದಿಂದ ಪ್ರಸಾರವಾಗುತ್ತಿರುವ ಈ ಬಾಹ್ಯಾಕಾಶ ನಾಟಕದ ಪ್ರತಿ ಕಂತನ್ನೂ ಬರೆದವಳು ನಾನು. ರಕ್ಷಾಪುಟದ ಮೇಲೆ ಗುರುಸಂಗಪ್ಪನವರ ಹೆಸರು. ಕೇಂದ್ರ ಅವರದು, ಕ್ಯಾಪ್ಟನ್ನನ ದನಿ ಅವರದು. ಕಥೆ ಯಾವಾಗ ಅವರದಾಯಿತು?

ಕೇಳಿಯೇಬಿಟ್ಟೆ. “ಹೆಸರು ಯಾರದಿದ್ರೇನವ್ವ ಸುಕನ್ಯಾ, ಕತಿ ನಮ್ಮೆಲ್ಲಾರ್ದೂ ಅಲ್ಲೇನು?” ಎಂದು ನಕ್ಕರು. ಪುಸ್ತಕದ ಒಳಪುಟದಲ್ಲಿ ಡಿಟಿಪಿ ಮಾಡಿದವನಿಗೂ ಕೃತಜ್ಞತೆ ಇದೆ. ನನಗಿಲ್ಲ.

ಪುಸ್ತಕದ ಕೊನೆಗೆ ಕ್ಯಾಪ್ಟನ್ ಹಡಗಲಿಯ ಮಲ್ಲಿಗೆ ಹೊಲದಲ್ಲಿ ಇಳಿಯುತ್ತಾನೆ, ಜನ ಹಾರ ಹಾಕುತ್ತಾರೆ. ಕೊನೆಯ ಕಂತು ನಾಳೆ, ನೇರ ಪ್ರಸಾರ. ಪುಸ್ತಕ ಕೊಂಡವರೆಲ್ಲ ಕೇಳುತ್ತಾರೆ.

ಗುರುಸಂಗಪ್ಪನವರು ಯಾವತ್ತೂ ಮುಂಚೆ ಓದಿಕೊಳ್ಳುವುದಿಲ್ಲ. “ಮೊದ್ಲ ಓದಿದ್ರ ರುಚಿ ಹೋಗತೈತಿ” ಅನ್ನುತ್ತಾರೆ. ಮೈಕಿನ ಮುಂದೆ ಕೂತ ಮೇಲೇ ಹಾಳೆ ಮುಟ್ಟುವುದು.

ಮುಟ್ಟಲಿ. ಕೊನೆಯ ಕಂತನ್ನು ಹೊಸದಾಗಿ ಬರೆದಿದ್ದೇನೆ. ಇಳಿಯುವ ಮುನ್ನ ಕ್ಯಾಪ್ಟನ್ ಒಪ್ಪಿಕೊಳ್ಳುತ್ತಾನೆ: “ಈ ನೌಕೆ ಕಟ್ಟಿದವನು ನಾನಲ್ಲ. ಕಟ್ಟಿದವಳ ಹೆಸರು ಅಳಿಸಿ ನನ್ನದು ಬರೆದುಕೊಂಡೆ. ಅವಳ ಹೆಸರು...”

ಹೆಸರು ಮುಂದಿನ ಹಾಳೆಯಲ್ಲಿದೆ. ತಿರುವದೆ ಬಾಯಿ ಮುಚ್ಚಿಕೊಂಡರೂ ಚಿಂತೆಯಿಲ್ಲ, ನಾಟಕದಲ್ಲಿ ಮಾತಾಡುವ ನೌಕೆಯ ದನಿ ನನ್ನದು. ಪಕ್ಕದ ಮೈಕಿನಿಂದ ಮೆಲ್ಲಗೆ ಕೇಳುತ್ತೇನೆ: “ಹೇಳ್ರಿ ಕ್ಯಾಪ್ಟನ್, ಹೆಸರು ಯಾರದಿದ್ರೇನು?”