ದೊಡ್ಡಪ್ಪನ ಪಾಲಿನ ಮಾವಿನ ಮರ

ಜೂನ್ 10, ರಾತ್ರಿ

...ಅದೂ ಸಾಲದು ಅಂತ ಕೊಡ ಬೇರೆ ಒಡೆಯಿತು. ಹಿತ್ತಲ ಬಾವಿಗೆ ಕೊಳೆನೀರು ನುಗ್ಗಿದೆ, ಇವತ್ತು ನೀರಿಗೆ ಅಂತ ಶಾಲೆಯ ಕೈಪಂಪಿಗೆ ಎಷ್ಟು ಸಲ ಹೋದೆನೋ. ಹೋಗುವಾಗ ಬಿದ್ದ ತೆಂಗಿನ ಮರಗಳನ್ನು ಹತ್ತಿ ಇಳಿಯಬೇಕು. ಬರುವಾಗ ಹೆಗಲ ಮೇಲೆ ಕೊಡ ಇಟ್ಟುಕೊಂಡು ಹತ್ತಿ ಇಳಿಯಬೇಕು. ಕೊನೆಯ ಸಲ ಕಾಲು ಜಾರಿತು. ಅಮ್ಮ ಕೊಡ ನೋಡಿದಳು, ನನ್ನ ಮೊಣಕಾಲು ನೋಡಲಿಲ್ಲ.

ಚಂಡಮಾರುತ ಹೋಗಿ ನಾಲ್ಕು ದಿನ. ಕರೆಂಟ್ ಇಲ್ಲ. ಅಡುಗೆಮನೆಯ ಮೇಲೆ ಬಿದ್ದ ತೆಂಗಿನ ಮರ ಹಾಗೇ ಇದೆ — ಶೀಟು ಒಡೆದು ಗರಿಗಳು ಒಲೆಯ ತನಕ ಇಳಿದಿವೆ. ಅಂಗಳದಲ್ಲಿ ಕಲ್ಲು ಹೂಡಿ ಅಡುಗೆ. ಮರ ಕೊಯ್ಯುವ ಮೆಷಿನ್ ಇರುವುದು ಸುತ್ತಮುತ್ತ ಪಠಾಣಿ ಅನ್ನುವವನ ಹತ್ತಿರ ಮಾತ್ರ. ಬೆಳಿಗ್ಗೆ ಬರ್ತೀನಿ ಅಂದಿದ್ದ. ಆಮೇಲೆ ಮಧ್ಯಾಹ್ನ ಅಂದ. ಸಂಜೆ ಫೋನೇ ಎತ್ತಲಿಲ್ಲ. ಸಿಗ್ನಲ್ ಸಿಗುವುದು ಕೆರೆ ದಂಡೆಯಲ್ಲಿ ಮಾತ್ರ. ಅಲ್ಲಿ ಊರಿನ ಗಂಡಸರೆಲ್ಲ ಸಾಲಾಗಿ ನಿಂತು ಅವನಿಗೇ ಫೋನ್ ಮಾಡುತ್ತಿದ್ದರು.

ನಾನು ಕೆಲಸ ಮಾಡುವ ಸೂರತ್ತಿನಲ್ಲಿ ಹಗಲೆಲ್ಲ ಮಗ್ಗದ ಸದ್ದು. ಪಕ್ಕದಲ್ಲಿ ನಿಂತವನಿಗೂ ಮಾತು ಕೇಳಿಸುವುದಿಲ್ಲ. ಅದಕ್ಕೇ ಮಲಗುವ ಮುಂಚೆ ಫೋನಿಗೆ ಮಾತಾಡಿ ರೆಕಾರ್ಡ್ ಮಾಡಿ ಇಡುವ ಅಭ್ಯಾಸ ಆಯಿತು. ಇಲ್ಲಿ ಸದ್ದೇ ಇಲ್ಲ, ಆದರೂ ಬಿಟ್ಟಿಲ್ಲ. ಯಾರೂ ಕೇಳುವುದಿಲ್ಲ. ನಾನೂ ತಿರುಗಿ ಕೇಳುವುದಿಲ್ಲ.

ಹುಡುಗಿಯರು ಉಯ್ಯಾಲೆ ಆಡುವ ರಜ ಹಬ್ಬಕ್ಕೆ ಅಂತ ರಜೆ ಹಾಕಿ ಬಂದವನು. ಹದಿನೆಂಟಕ್ಕೆ ರೈಲು. ಈಗಲೇ ಓಡಿಹೋಗೋಣ ಅನ್ನಿಸುತ್ತಿದೆ... ಚಾರ್ಜ್ ಮುಗಿಯಿತು.


ಜೂನ್ 11, ಮಧ್ಯಾಹ್ನ

ಟ್ರ್ಯಾಕ್ಟರ್ ಬ್ಯಾಟರಿಯಿಂದ ಚಾರ್ಜ್ ಮಾಡಿಸಿಕೊಂಡೆ.

ನಮ್ಮ ಬೀದಿಯಲ್ಲಿ ನಿಂತಿರುವ ದೊಡ್ಡ ಮರ ಇನ್ನು ಒಂದೇ. ನಮ್ಮ ಹಿತ್ತಲ ಮಾವು. ದೇವಸ್ಥಾನದ ಎದುರಿನ ಆಲ ಬಿತ್ತು. ಪ್ರತಿ ವರ್ಷ ರಜದ ಉಯ್ಯಾಲೆ ಕಟ್ಟುತ್ತಿದ್ದುದು ಅದಕ್ಕೇ. ಹಾಗಾಗಿ ಬೆಳಿಗ್ಗೆಯಿಂದ ಹೆಂಗಸರ ದಂಡು ಬಂದು ಬಂದು ನಮ್ಮ ಮಾವನ್ನು ನೋಡಿಕೊಂಡು ಹೋಗುತ್ತಿದೆ, ಹೆಣ್ಣು ನೋಡಲು ಬಂದವರ ಹಾಗೆ.

ಅಮ್ಮನಿಗೆ ಖುಷಿಯೋ ಖುಷಿ. ಅಪ್ಪ ಹೋದ ಮೇಲೆ ಈ ಮನೆಗೆ ಜನ ತಾವಾಗಿ ಬಂದಿದ್ದು ನಾನು ನೋಡಿಲ್ಲ. "ಈ ಸಲ ಉಯ್ಯಾಲೆ ನಮ್ಮನೇಲೇ. ಟಿಕಿಗೂ ಇದೇ ಕೊನೇ ರಜ ಅಲ್ವಾ," ಅಂದಳು. ತಂಗಿ ಟಿಕಿಗೆ ಮಾಘದಲ್ಲಿ ಮದುವೆ. ಬರುವ ವರ್ಷ ಅವಳು ಅತ್ತೆಮನೆಯಲ್ಲಿ ತೂಗಬೇಕು.

ಟಿಕಿ ಅಂದಳು, "ಅಣ್ಣ, ಹಗ್ಗ ಗಟ್ಟಿ ಇರೋದು ತಗೊಂಬಾ. ಹೋದ ವರ್ಷ ಆ ಪಾರ್ಬತಿ ಕೂತಾಗ ಕಿರ್ ಅಂದಿತ್ತು."

"ಅದು ಹಗ್ಗದ ತಪ್ಪಲ್ಲ, ಪಾರ್ಬತಿ ತಪ್ಪು."

ಮೀನುಗಾರರ ಬಂದರಿಗೆ ಹೋಗಿ ದೋಣಿಯ ಹಗ್ಗ ತಂದೆ. ಬೇಕಾದ್ದಕ್ಕಿಂತ ಜಾಸ್ತಿಯೇ ತಂದೆ.


ಜೂನ್ 12, ಸಂಜೆ

ಸರಿ ಇಲ್ಲ. ಏನೋ ಸರಿ ಇಲ್ಲ.

ಮಾವಿನ ಬುಡದಲ್ಲಿ ಬಿದ್ದ ಎಲೆ ಗುಡಿಸುತ್ತಿದ್ದೆ. ಬಾವಿಯ ಕಡೆ ನೆಲ ಬಿರುಕು ಬಿಟ್ಟಿದೆ. ಬೇರಿನ ಸುತ್ತ ಅರ್ಧ ಚಂದ್ರನ ಹಾಗೆ. ಬೆರಳು ಹಾಕಿದೆ, ಪೂರಾ ಹೋಯಿತು. ಮರ ವಾಲಿರುವುದು ಅಂಗಳದ ಕಡೆಗೆ. ಮೊದಲಿನಿಂದಲೂ ವಾಲಿತ್ತು, ನಿಜ. ಇಷ್ಟು ವಾಲಿತ್ತಾ?

ದೊಡ್ಡಪ್ಪನನ್ನು ಕರೆದು ತೋರಿಸಿದೆ. ನಮ್ಮಪ್ಪನ ಅಣ್ಣ, ಹೆಸರು ಆರ್ತತ್ರಾಣ. ಒಂದೇ ಹಿತ್ತಲು, ಒಲೆ ಬೇರೆ. ಪಾಲಾದಾಗ ಈ ಮರ ಅವರಿಗೆ ಬಂತು. ಎಲೆ ಅಡಿಕೆ ಡಬ್ಬಿ ಸಮೇತ ಬಂದು ನಿಂತರು.

"ಮಳೆ ಹೊಯ್ದಿದೆ, ಬಿಸಿಲು ಬಿದ್ದಿದೆ, ನೆಲ ಬಿರುಕು ಬಿಟ್ಟಿದೆ. ಅದರಲ್ಲೇನು?"

"ಬೇರು ಎದ್ದಿದೆ ದೊಡ್ಡಪ್ಪ. ಉಯ್ಯಾಲೆ ಬೇಡ. ಹಬ್ಬ ಶುರು ಆಗೋದ್ರೊಳಗೆ ಕಡಿಸಿಬಿಡೋಣ."

ಅವರು ನನ್ನನ್ನೇ ನೋಡಿದರು. "ಈ ಮರ ಯಾತಕ್ಕೆ ಇಟ್ಕೊಂಡಿದೀನಿ ಗೊತ್ತಾ ನಿಂಗೆ?"

ಗೊತ್ತು. ಊರಿಗೆಲ್ಲ ಗೊತ್ತು. ನಮ್ಮಲ್ಲಿ ಮನೆಯ ಹಿರಿಯನಿಗೆ ಅಂತ ಒಂದು ಮಾವು ಬಿಟ್ಟಿರುತ್ತಾರೆ. ಚಿತೆಗೆ. ಅಜ್ಜನನ್ನು ಸುಟ್ಟಿದ್ದು ಹೀಗೇ ಬಿಟ್ಟಿದ್ದ ಮರದಲ್ಲಿ. ಅಪ್ಪನಿಗೆ ಮರ ಇರಲಿಲ್ಲ, ಅಪ್ಪ ಹಿರಿಯನಲ್ಲ.

"ನಾನು ಇನ್ನೂ ಇಲ್ಲೇ ನಿಂತು ಎಲೆ ಹಾಕ್ಕೋತಾ ಇದೀನಿ, ನೀನು ಸೌದೆ ಒಟ್ಟೋಕೆ ಬಂದಿದೀಯ. ಅಷ್ಟು ಅವಸರ ಏನಪ್ಪಾ? ರೈಲಿಗೆ ಹೊತ್ತಾಯ್ತಾ?"

ಅಮ್ಮ ಬಾಗಿಲಲ್ಲೇ ನಿಂತು ನಕ್ಕಳು. ನನಗೆ ನಗು ಬರಲಿಲ್ಲ.


ಜೂನ್ 13, ರಾತ್ರಿ

ಪಠಾಣಿ ಕೊನೆಗೂ ಬಂದ. ಅಡುಗೆಮನೆಯ ಮೇಲಿನ ತೆಂಗು ಕೊಯ್ದು ಬೀದಿ ಕಡೆ ಉರುಳಿಸಿದ. ಬಾವಿಯ ಹತ್ತಿರ ಬೇರು ಸಮೇತ ಬಿದ್ದ ಇನ್ನೊಂದು ತೆಂಗನ್ನು ಮುಟ್ಟಲಿಲ್ಲ, ಪೆಟ್ರೋಲ್ ಇಲ್ಲವಂತೆ. ಹೋಗುವ ಮುಂಚೆ ಕೈ ಹಿಡಿದು ಮಾವಿನ ಹತ್ತಿರ ಕರೆದುಕೊಂಡು ಹೋದೆ. ಬುಡ ನೋಡಿದ, ಮೇಲೆ ನೋಡಿದ, ಕಾಂಡಕ್ಕೆ ಕಿವಿ ಕೊಟ್ಟ.

"ಏನು?"

"ಏನಂತ ಹೇಳ್ಲಿ ಕುಲಮಣಿ. ನಿಂತ್ರೆ ನನ್ನ ಮೊಮ್ಮಕ್ಕಳೂ ಹಣ್ಣು ತಿಂತಾರೆ. ಬಿದ್ರೆ ನಾಳೇನೇ ಬೀಳತ್ತೆ."

"ಇದೇನು ಮಾತಯ್ಯಾ?"

"ಮರ ನಂಗೆ ಹೇಳಿ ಬೀಳಲ್ಲ ಮಾರಾಯ. ನನ್ನ ಮನೆ ಆಗಿದ್ರೆ ಕೊಯ್ತಿದ್ದೆ."

ಅಷ್ಟು ಸಾಕಾಗಿತ್ತು ನನಗೆ. ಮೆಷಿನ್ ಅವನ ಕೈಗೆ ಕೊಟ್ಟೆ. ಆಗ ದೊಡ್ಡಪ್ಪ ಬಂದರು, ಕೂಗಾಡಲಿಲ್ಲ. "ಪಠಾಣಿ, ನಿಮ್ಮಪ್ಪನ ಮರ ಯಾರಾದ್ರೂ ಮೊದಲೇ ಕಡಿದಿದ್ರೆ ನೀನು ಸುಮ್ನಿರ್ತಿದ್ಯಾ?" ಪಠಾಣಿ ಮೆಷಿನ್ ಹೆಗಲಿಗೇರಿಸಿದ. "ಯಜಮಾನ್ರು ಬೇಡ ಅಂದ ಮೇಲೆ ನನ್ನ ಕೈ ಏಳಲ್ಲ," ಅಂದು ಹೊರಟೇಬಿಟ್ಟ.

ನಾಳೆಯಿಂದ ರಜ. ಮೂರು ದಿನ ಭೂಮಿ ತಾಯಿ ಮುಟ್ಟಾಗಿರುತ್ತಾಳೆ. ನೇಗಿಲಿಲ್ಲ, ಗುದ್ದಲಿ ಇಲ್ಲ, ಕೊಡಲಿ ಇಲ್ಲ. ಬಿರುಕಿಗೆ ಒಂದು ಬುಟ್ಟಿ ಮಣ್ಣು ಅಗೆದು ತುಂಬೋಣ ಅಂದರೂ ಆಗುವುದಿಲ್ಲ.

ಕತ್ತಲಾಗುವ ಮುಂಚೆ ಉಯ್ಯಾಲೆ ಕಟ್ಟಿಯಾಯಿತು. ಕಟ್ಟಿದ್ದು ನಾನೇ. ಅಮ್ಮ ಕೆಳಗೆ ನಿಂತು ಹಲಗೆ ನೆಟ್ಟಗಿದೆಯೋ ಇಲ್ಲವೋ ಅಂತ ನೋಡುತ್ತಿದ್ದಳು. ಅವಳ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ.


ಜೂನ್ 14, ಪಹಿಲಿ ರಜ, ಹಬ್ಬದ ಮೊದಲ ದಿನ. ಸಂಜೆ

ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಒಂದು ತುತ್ತು ಇಳಿದಿಲ್ಲ. ಅಮ್ಮ ಪೋಡ ಪಿಠಾ ಮಾಡಿದ್ದಾಳೆ, ಬಾಳೆ ಎಲೆಯಲ್ಲಿ ಸುಟ್ಟು, ಬೆಲ್ಲದ ವಾಸನೆ ಬೀದಿಗೆಲ್ಲ. ತಿನ್ನುವುದು ಹೇಗೆ? ಹುಡುಗಿಯರು ಸಾಲುಗಟ್ಟಿ ಬಂದಿದ್ದಾರೆ. ಹೊಸ ಲಂಗ, ಕಾಲಿಗೆ ಕೆಂಪು ಬಣ್ಣದ ಅಲತೆ, ನೆಲಕ್ಕೆ ಕಾಲು ತಾಗಬಾರದು ಅಂತ ಚಪ್ಪಲಿ. ಒಬ್ಬಳು ಇಳಿಯುವ ಮುಂಚೆ ಇನ್ನೊಬ್ಬಳು ಹತ್ತುತ್ತಾಳೆ. ಪ್ರತಿ ಸಲ ತೂಗಿದಾಗಲೂ ನಾನು ಬಿರುಕು ನೋಡುತ್ತೇನೆ.

ಮಧ್ಯಾಹ್ನ ತಡೆಯಲಾಗಲಿಲ್ಲ. ಉಳಿದ ಹಗ್ಗ ತಗೊಂಡು ಮರ ಹತ್ತಿದೆ. ಮೇಲಿನ ಕವಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬಾವಿಯ ಹತ್ತಿರ ಬಿದ್ದಿರುವ ತೆಂಗಿನ ಕಾಂಡಕ್ಕೆ ಸುತ್ತಿದೆ. ಗೂಟ ಹೊಡೆಯುವ ಹಾಗಿಲ್ಲವಲ್ಲ.

ಹುಡುಗಿಯರಿಗೆ ಇದಕ್ಕಿಂತ ತಮಾಷೆ ಬೇರೆ ಸಿಗಲಿಲ್ಲ. "ಏ ಟಿಕಿ, ನಿಮ್ಮಣ್ಣ ಮರಕ್ಕೂ ಮೂಗುದಾರ ಹಾಕ್ತಿದಾನೆ ನೋಡೇ. ಸೂರತ್ತಲ್ಲಿ ಮರ ಓಡಿಹೋಗ್ತಾವಂತಾ?"

ದೊಡ್ಡಪ್ಪ ಜಗಲಿಯಿಂದ, "ನೂಲು ಕಟ್ಟೋನಲ್ವಾ, ಕೈ ಸುಮ್ನಿರಲ್ಲ," ಅಂದರು. ಎಲ್ಲರೂ ನಕ್ಕರು.

ನಗಲಿ. ಹೇಳಬೇಕಾದ್ದು ಇದು — ಹಗ್ಗವನ್ನು ನಾನು ಸಡಿಲವಾಗಿ ಕಟ್ಟಿದ್ದೆ. ಜೋತು ಬಿದ್ದಿತ್ತು, ಅದರ ಮೇಲೆ ಯಾರೋ ಟವೆಲ್ ಒಣಗಿಸಲು ಹಾಕಿದ್ದರು. ಈಗ ಹೋಗಿ ಮುಟ್ಟಿದೆ. ಬಿಗಿಯಾಗಿದೆ. ಬೆರಳಿನಿಂದ ಮೀಟಿದರೆ ಸದ್ದು ಬರುತ್ತದೆ.

ಟಿಕಿಯನ್ನು ಕರೆದು ತೋರಿಸಿದೆ. ಅವಳೂ ಒಮ್ಮೆ ಮೀಟಿದಳು.

"ಗೊತ್ತು ಅಣ್ಣ. ತೂಗುವಾಗ ಕೊಂಬೆ ಒಂದು ಚೂರು ತಡವಾಗಿ ಬರತ್ತೆ. ಬೆಳಿಗ್ಗೇನೇ ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಅಮ್ಮನ್ನ ನೋಡಿದ್ಯಾ ಇವತ್ತು?"

ನೋಡಿದ್ದೇನೆ. ಬಂದವರಿಗೆಲ್ಲ ಎಲೆ ಅಡಿಕೆ ಕೊಡುತ್ತ ಓಡಾಡುತ್ತಿದ್ದಾಳೆ. ಸೀರೆ ಅಪ್ಪ ಇದ್ದಾಗಿನದು.

ನಾಳೆ ಮಿಥುನ ಸಂಕ್ರಾಂತಿ, ರಜದ ಎರಡನೇ ದಿನ. ಇನ್ನೂ ಜಾಸ್ತಿ ಜನ. ಬಡಗಣ ಮೋಡ ಕಪ್ಪಾಗಿದೆ.


ಜೂನ್ 15

ಬೆಳಕು ಹರಿಯುವ ಮುಂಚೆ ಉಯ್ಯಾಲೆ ಇಳಿಸಿದೆ. ಇಬ್ಬನಿಗೆ ಗಂಟು ಬಿಗಿದು ಬಿಚ್ಚಲಾಗಲಿಲ್ಲ. ಕುಯ್ದೆ.




ಜೂನ್ 16, ಮಧ್ಯಾಹ್ನ

ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರಜದಲ್ಲಿ ಕತ್ತಿ ಹಿಡಿದಿದ್ದಲ್ಲದೆ ಮದುವೆ ನಿಶ್ಚಯವಾದ ಹುಡುಗಿಯ ಉಯ್ಯಾಲೆ ಹಗ್ಗವನ್ನೇ ಕುಯ್ದೆ ಅಂತ. ನಿನ್ನೆ ಬೀದಿಯ ಹೆಂಗಸರು ಬಂದು ಹಲಗೆ ನೆಲದ ಮೇಲೆ ಬಿದ್ದಿರುವುದನ್ನು ನೋಡಿ ಮಾತಾಡದೆ ಹೋದರು. ಪಾರ್ಬತಿಯ ತಾಯಿ ಮಾತ್ರ, "ಗಂಡಿನ ಕಡೆಯವರ ಕಿವಿಗೆ ಬೀಳದಿದ್ರೆ ಸರಿ," ಅಂದಳು. ಅಮ್ಮ ಎಲೆ ಅಡಿಕೆಯ ತಟ್ಟೆ ಒಳಗೆ ತಗೊಂಡು ಹೋದಳು.

ಮರ ಬೀಳಲಿಲ್ಲ. ನಿನ್ನೆ ಸಂಜೆ ಮಳೆ ಬಂತು, ಆಗಲೂ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು ಅಂತ ಒಂದು ಗಳಿಗೆ ಅನ್ನಿಸಿತು. ಖಾಲಿ ಅಂಗಳದಲ್ಲಿ, ಯಾರಿಗೂ ತಾಗದ ಹಾಗೆ, ದೊಡ್ಡ ಸದ್ದು ಮಾಡಿಕೊಂಡು.

ಅದಕ್ಕಿಂತ ಕೆಟ್ಟದ್ದು ಇವತ್ತು. ಬೆಳಿಗ್ಗೆ ದೊಡ್ಡಪ್ಪ ಮಂಚ ಹೊತ್ತು ತಂದು ಉಯ್ಯಾಲೆ ಇದ್ದ ಜಾಗದಲ್ಲೇ ಹಾಕಿ ಮಲಗಿದ್ದಾರೆ. ಮರದ ನೇರ ಕೆಳಗೆ.

"ಏಳಿ ದೊಡ್ಡಪ್ಪ."

"ಯಾಕೆ? ಗಾಳಿ ಚೆನ್ನಾಗಿ ಬರ್ತಾ ಇದೆ."

"ಹಗ್ಗ ನೋಡಿ. ತಂತಿ ಆಗಿದೆ."

"ನನ್ನ ಮರ, ನಾನು ಹೋಗುವಾಗ ಬರತ್ತೆ. ಮೊದಲೇ ಬಂದ್ರೆ ಸುಡೋಕೆ ದೂರದಿಂದ ಹೊರೋದು ಉಳೀತು. ನಿಂಗೇ ಅನುಕೂಲ." ಅಂದವರೇ ಕಣ್ಣು ಮುಚ್ಚಿದರು. ಬೀದಿಯ ಗಂಡಸರು ಇಸ್ಪೀಟ್ ಬಿಟ್ಟು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು. ಅವರೆಲ್ಲ ನೋಡುತ್ತಿರುವಾಗ ದೊಡ್ಡಪ್ಪ ಏಳುವವರಲ್ಲ.

ಬಿರುಕಿನೊಳಗೆ ಈಗ ನನ್ನ ಅಂಗೈ ಹೋಗುತ್ತದೆ. ಎಷ್ಟು ಹೇಳಿದರೂ... ಟಿಕಿ ಕರೆಯುತ್ತಿದ್ದಾಳೆ.


ಜೂನ್ 16, ರಾತ್ರಿ

ಕೆರೆ ದಂಡೆಯಲ್ಲಿ ಕೂತಿದ್ದೇನೆ. ಮೊದಲಿನಿಂದ ಹೇಳುತ್ತೇನೆ.

ಟಿಕಿ ಕರೆದಾಗ ಹೋದೆ. ಅವಳು ದೊಡ್ಡಪ್ಪನ ಮಂಚದ ಹತ್ತಿರ ನಿಂತಿದ್ದಳು. ಹಸಿರು ಸೀರೆ, ಅಲತೆ ಹೊಸದಾಗಿ ಹಚ್ಚಿಕೊಂಡಿದ್ದಳು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. ಬರಿಗಾಲು ನೆಲಕ್ಕೆ ಊರಿದಳು. ಬೇಲಿಯ ಹತ್ತಿರ ಗುಸುಗುಸು ನಿಂತುಹೋಯಿತು. ಆಮೇಲೆ ಮಂಚದ ಪಕ್ಕ ಬರಿ ಮಣ್ಣಿನ ಮೇಲೆ ಕೂತಳು.

ಒಳಗಿನಿಂದ ಅಮ್ಮ, "ಅಯ್ಯೋ, ಏಳೇ," ಅನ್ನುತ್ತ ಓಡಿಬಂದಳು. ಅಲ್ಲೇ ನಿಂತಳು.

ದೊಡ್ಡಪ್ಪ ಕಣ್ಣು ಬಿಟ್ಟರು. "ಏನಿದು? ರಜದಲ್ಲಿ ಹೆಣ್ಣುಮಗಳು ಬರೀ ನೆಲದಲ್ಲಿ? ಮೇಲೇಳು."

"ನೀವು ಎದ್ರೆ ಏಳ್ತೀನಿ."

"ಹುಚ್ಚು ಹಿಡಿದಿದ್ಯಾ ನಿಂಗೆ?"

"ಮರ ಗಟ್ಟಿ ಇದೆ ಅಂತೀರಲ್ಲ ದೊಡ್ಡಪ್ಪ. ಗಟ್ಟಿ ಇದ್ರೆ ನಂಗೇನು ಆಗತ್ತೆ? ಇಲ್ಲೇ ಇರ್ತೀನಿ. ಊಟ ಇಲ್ಲಿಗೇ ಕಳ್ಸಮ್ಮ."

ಅವರು ಮಲಗಿದ್ದಲ್ಲಿಂದಲೇ ಮೇಲೆ ನೋಡಿದರು, ಮೊದಲ ಸಲ. ಕೊಂಬೆ ನೋಡಿದರು, ಹಗ್ಗ ನೋಡಿದರು, ಅವಳ ತಲೆ ನೋಡಿದರು. ಎಳೆದುಕೊಂಡು ಬರೋಣ ಅಂತ ಹೆಜ್ಜೆ ಇಟ್ಟರೆ ಟಿಕಿ ಕಣ್ಣಲ್ಲೇ ತಡೆದಳು.

ದೊಡ್ಡಪ್ಪ ಎದ್ದರು. ಒಂದು ಕೈಯಲ್ಲಿ ಎಲೆ ಡಬ್ಬಿ, ಇನ್ನೊಂದು ಕೈಯಲ್ಲಿ ಟಿಕಿಯ ರಟ್ಟೆ. "ನಡಿ. ಗಂಡನ ಮನೇಲೂ ಹಿಂಗೇ ಕೂತ್ರೆ ವಾಪಸ್ ಕಳಿಸ್ತಾರೆ," ಅಂದರು. ಜಗಲಿ ತಲುಪಿದ್ದರೋ ಇಲ್ಲವೋ, ನೆಲದೊಳಗೆ ಏನೋ ಪಟ್ ಅಂತ ಕಿತ್ತುಹೋಯಿತು. ಬೇರು. ಮಗ್ಗದ ಬೆಲ್ಟ್ ಕಿತ್ತುಹೋದ ಹಾಗೆ. ಮಾವಿನಕಾಯಿ ಒಂದಷ್ಟು ಮಂಚದ ಮೇಲೆ ಉದುರಿದವು. ಮರ ಹಗ್ಗದ ಮೇಲೆ ತೂಗಿ ನಿಂತಿತು.

ಬೇಲಿಯ ಹತ್ತಿರ ಇದ್ದವರು ಅಲ್ಲಿ ಇರಲಿಲ್ಲ.

ಯಾರೂ ನನ್ನನ್ನು ಹೊಗಳಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಅಮ್ಮ ಟಿಕಿಯ ಕಾಲು ತೊಳೆದಳು. ಆಮೇಲೆ ನನ್ನ ಮುಂದೆ ಪಿಠಾ ಇಟ್ಟಳು. "ತಿನ್ನು, ಒಣಗಿಹೋಗಿದೆ," ಅಂದಳು. ಎರಡು ದಿನದಲ್ಲಿ ಮೊದಲ ಮಾತು. ಸಂಜೆಯೊಳಗೆ ಎಲ್ಲರೂ ಬೀದಿ ಕಡೆಯ ಕೋಣೆಗೆ ಹಾಸಿಗೆ ಸಾಗಿಸಿದೆವು. ದೊಡ್ಡಪ್ಪನದೂ.

ಸ್ವಲ್ಪ ಹೊತ್ತಾದ ಮೇಲೆ ಅವರು ಕರೆದರು. "ಪಠಾಣಿಗೆ ಹೇಳು, ಬೇಕಾಬಿಟ್ಟಿ ಕೊಯ್ಯೋದು ಬೇಡ. ಅಳತೆ ಬೇಕು." ಅಂದವರು ಬೀದಿ ಕಡೆ ಬಿದ್ದಿರುವ ತೆಂಗಿನ ಕಾಂಡದ ಮೇಲೆ ಹೋಗಿ ಉದ್ದಕ್ಕೆ ಮಲಗಿದರು, ಕೈ ಎದೆಯ ಮೇಲೆ ಇಟ್ಟುಕೊಂಡು. "ತಲೆ ಎಲ್ಲಿ, ಕಾಲು ಎಲ್ಲಿ, ಗುರುತು ಮಾಡ್ಕೋ. ಎರಡೂ ಕಡೆ ಒಂದು ಗೇಣು ಬಿಡು. ಕಾಲು ಹೊರಗೆ ಚಾಚಬಾರದು, ನಿಮ್ಮಜ್ಜನದು ಚಾಚಿತ್ತು."

ಇದ್ದಿಲಿನಲ್ಲಿ ಗುರುತು ಹಾಕಿದೆ. ಇದ್ದಿಲು ಎರಡು ಸಲ ಮುರಿಯಿತು.

"ಸೌದೆ ಒಣಗಿದ ಮೇಲೆ ಹಿಂದಿನ ಕೊಟ್ಟಿಗೆಯಲ್ಲಿ ಒಟ್ಟು. ಒಲೆಗೆ ಹಾಕಿದ್ರೆ ನಿಮ್ಮಮ್ಮನ್ನ ಬಿಡಲ್ಲ."

"ಹೂಂ ದೊಡ್ಡಪ್ಪ."

"ಹದಿನೆಂಟಕ್ಕಲ್ವಾ ನಿನ್ನ ರೈಲು?"

ಎಬ್ಬಿಸಲು ಕೈ ಕೊಟ್ಟೆ. ಹಿಡಿದುಕೊಂಡರು.

ಪಠಾಣಿ ಈಗ ಫೋನ್ ಎತ್ತಿದ. ಈಗಲೇ ಬಾ ಮಾರಾಯ ಅಂದೆ. ನಾಳೆ ಬೆಳಿಗ್ಗೆ ಅರೆಯುವ ಕಲ್ಲಿಗೆ ಅರಿಶಿನ ಹಚ್ಚಿ ನೀರು ಹುಯ್ದು ಭೂಮಿ ತಾಯಿಗೆ ಸ್ನಾನ ಮಾಡಿಸುವ ತನಕ ಮೆಷಿನ್ ಮುಟ್ಟಲ್ಲ ಅಂದ. "ಮುಟ್ಟಿದ್ರೆ ನಮ್ಮಮ್ಮ ಮನೆಗೆ ಸೇರಿಸಲ್ಲ. ಒಂದು ರಾತ್ರಿ ತಾನೇ, ನಿನ್ನ ಹಗ್ಗ ಹಿಡಿಯತ್ತೆ ಬಿಡು."

ಹನಿ ಬೀಳುತ್ತಿದೆ, ಚಾರ್ಜೂ ಮುಗಿಯುತ್ತಾ ಬಂತು. ಮನೆ ಕಡೆ ಹೋಗಬೇಕು, ಹಗ್ಗ ನೋಡಬೇಕು. ಸ್ನಾನ ಎಷ್ಟು ಹೊತ್ತಿಗೆ ಮುಗಿಯತ್ತೆ ಅಂತ ಕೇಳಿದೆ. ಅವರಮ್ಮನನ್ನು ಕೂಗಿ ಕೇಳಿ ಹೇಳಿದ. ಏಳೂವರೆಗೆ ಫೋನ್ ಮಾಡು ಅಂದ. ಏಳೂವರೆಗೆ —