ಹಸಿರು ಗೆರೆ ಮುಟ್ಟಿದ ಕೋಶಗಳು

ಜನವರಿ ೯, ಮಂಗಳವಾರ

ಮೂರನೆಯ ಸ್ಲೈಡ್ ಮುಗಿಯಿತು. ೨೧೨ ಕೋಶ. ಕತ್ತು ಹಿಡಿದುಕೊಂಡಿದೆ.

ಬೆಳಿಗ್ಗೆ ಎಂದಿನಂತೆ ಒಂದು ಚಮಚ ಕಾಡ್ ಮೀನಿನ ಎಣ್ಣೆ, ಹಿಂದೆಯೇ ಕಾಫಿ. ಅಮ್ಮ ಹಾಕಿಕೊಟ್ಟ ಅಭ್ಯಾಸ. ತಲೆ ಚುರುಕಾಗುತ್ತೆ ಅನ್ನುತ್ತಿದ್ದಳು. ಈಗ ಅದನ್ನೇ ಇಲಿಗಳಲ್ಲಿ ತೋರಿಸಿಕೊಡಲು ಹೊರಟಿದ್ದಾಳೆ ನಮ್ಮ ಲ್ಯಾಬಿನ ಹೊಸ ಸಂಶೋಧಕಿ ಮಾರ್ಥೆ. ಹತ್ತು ಇಲಿಗೆ ಮೂರು ತಿಂಗಳು ಮೀನೆಣ್ಣೆ, ಇನ್ನು ಹತ್ತಕ್ಕೆ ತಾಳೆ ಎಣ್ಣೆ. ಆಮೇಲೆ ಒಂದೊಂದು ಇಲಿಯ ಮಿದುಳಿನ ಹೋಳನ್ನು ಒಂದೊಂದು ಗಾಜಿನ ಸ್ಲೈಡ್ ಮೇಲಿಟ್ಟು, ನೆನಪು ಕೂರುವ ಜಾಗದಲ್ಲಿ ಹೊಸದಾಗಿ ಹುಟ್ಟಿದ ಕೋಶ ಎಷ್ಟು ಅಂತ ಎಣಿಸಬೇಕು. ಮೀನೆಣ್ಣೆಯ ಕೊಬ್ಬಿನಾಮ್ಲ ಹೊಸ ಕೋಶ ಹುಟ್ಟಿಸುತ್ತದೆ ಎಂಬುದು ಅವಳ ವಾದ. ನಿಜವಾದರೆ ಅವಳಿಗೆ ಪ್ರಬಂಧ, ಇನ್ನೂ ಮೂರು ವರ್ಷ ಕೆಲಸ. ಇಲ್ಲದಿದ್ದರೆ ಜೂನ್‌ಗೆ ಗಂಟುಮೂಟೆ ಕಟ್ಟಬೇಕು.

ಎಣಿಸುವವರು ಇಬ್ಬರು — ಅವಳು, ನಾನು. ಬೇರೆ ಬೇರೆ ಕೂತು. ಯಾವ ಸ್ಲೈಡ್ ಯಾವ ಗುಂಪಿನದು ಇಬ್ಬರಿಗೂ ಗೊತ್ತಿರಬಾರದು. ಬರೀ ನಂಬರ್. ಪಟ್ಟಿ ಪ್ರೊಫೆಸರ್ ಟೊರ್ಲೈವ್‌ನ ಡ್ರಾಯರ್‌ನಲ್ಲಿದೆ, ಅಂಟಿಸಿದ ಲಕೋಟೆಯಲ್ಲಿ.

ಜನವರಿ ೧೨, ಶುಕ್ರವಾರ

ಶುಕ್ರವಾರದ ಕೇಕ್. ಸರದಿ ಮಾರ್ಥೆಯದು. ಬಾದಾಮಿ ಕೇಕ್ ತಂದಿದ್ದಳು. ಟೊರ್ಲೈವ್ ಮೂರು ಹೋಳು ತಿಂದ. ನನ್ನ ಸರದಿಯಲ್ಲಿ ಒಂದೇ ಹೋಳು. ಅದನ್ನೂ ತಟ್ಟೆಯಲ್ಲೇ ಬಿಟ್ಟು ಎದ್ದಿದ್ದ. ಹೌದು, ಎಣಿಸಿದೆ. ಎಣಿಸುವುದೇ ನನ್ನ ಕೆಲಸ.

ಊಟದ ನಂತರ ಹೊಸ ಬಣ್ಣ ಹಾಕಿದ ಸ್ಲೈಡ್ ಹಿಡಿದು ಬಂದ. ಹತ್ತೊಂಬತ್ತು ವರ್ಷದಿಂದ ಮೊದಲು ನನ್ನ ಮೇಜಿಗೇ ಬರುವುದು. ಬಣ್ಣ ಸರಿಯಾಗಿ ಹಿಡಿದಿದೆಯೋ ಇಲ್ಲವೋ ಸಿಗ್ರುನ್‌ಳ ಕಣ್ಣೇ ಹೇಳಲಿ, ಅಂತ ನನ್ನ ಮುಂದೆ ಇಡುವುದು. ನಾನು ಕನ್ನಡಕ ಹಾಕಿಕೊಂಡು ಕೈ ಚಾಚಿದೆ. ಅವನು ಹಾಗೇ ದಾಟಿ ಅವಳ ಹತ್ತಿರ ಹೋದ. ನನ್ನನ್ನು ನೋಡಲೂ ಇಲ್ಲ.

ಚಾಚಿದ ಕೈಯಲ್ಲಿ ಕಾಫಿ ಕಪ್ ಎತ್ತಿಕೊಂಡೆ. ಖಾಲಿ ಇತ್ತು. ಆದರೂ ಕುಡಿದೆ.

ಹೊಟ್ಟೆ ಉರಿಯುತ್ತಿದೆ. ಬರೆದೇಬಿಡುತ್ತೇನೆ, ಯಾರು ಓದುತ್ತಾರೆ. ಐವತ್ತೆರಡರ ಹೆಂಗಸಿಗೆ ಇಪ್ಪತ್ತೊಂಬತ್ತರ ಹುಡುಗಿಯ ಮೇಲೆ ಹೊಟ್ಟೆಕಿಚ್ಚು.

ಜನವರಿ ೧೮, ಗುರುವಾರ, ೧೧ ಗಂಟೆ

ಒಂದು ವಿಷಯ ಕಣ್ಣಿಗೆ ಬಿತ್ತು. ಬೀಳಬಾರದಿತ್ತು.

ಮಿದುಳಿನ ಎಡಭಾಗ ಯಾವುದು ಅಂತ ಗುರುತಿಗೆ ಸೂಜಿಯಿಂದ ಒಂದು ತೂತು ಮಾಡುತ್ತೇವೆ. ನವೆಂಬರ್‌ನಲ್ಲಿ ಮಿದುಳು ತೆಗೆದವಳು ನಾನೇ. ಸೋಮವಾರ ಹತ್ತು, ಮಂಗಳವಾರ ಹತ್ತು. ಸೋಮವಾರ ಸಂಜೆ ದಪ್ಪ ಸೂಜಿ ಕೆಳಗೆ ಬಿದ್ದು ಬಾಗಿತು. ಮಾರನೆಯ ದಿನ ಸಣ್ಣದರಲ್ಲಿ ಚುಚ್ಚಿದೆ. ಸೂಜಿ ಬದಲಾದರೆ ಏನು ಮಹಾ ಅಂತ ದಾಖಲೆ ಪುಸ್ತಕದಲ್ಲಿ ಬರೆಯಲಿಲ್ಲ.

ಈಗ ನೋಡಿದರೆ ಕೆಲವು ಸ್ಲೈಡ್‌ನಲ್ಲಿ ತೂತು ದೊಡ್ಡದು, ಕೆಲವದರಲ್ಲಿ ಚಿಕ್ಕದು.

ಆ ಸೋಮವಾರ ಮನೆಗೆ ಹೋದಾಗ ಬೆಕ್ಕು ನನ್ನ ತೋಳು ಬಿಡಲೇ ಇಲ್ಲ, ನೆಕ್ಕಿದ್ದೇ ನೆಕ್ಕಿದ್ದು. ಇಲಿಗಳ ಮೈಯಿಂದ ಅಂಟಿದ ಮೀನಿನ ವಾಸನೆ. ಮಂಗಳವಾರ ತಿರುಗಿಯೂ ನೋಡಲಿಲ್ಲ.

ಅಂದರೆ ಸೋಮವಾರದ ಹತ್ತೂ ಮೀನೆಣ್ಣೆಯವು. ದೊಡ್ಡ ತೂತು — ಮೀನೆಣ್ಣೆ.

ನಿಯಮ ಗೊತ್ತಿದೆ. ಗುಂಪು ಗೊತ್ತಾದ ಕ್ಷಣ ಎದ್ದು ಹೋಗಿ ಹೇಳಬೇಕು, ಎಣಿಕೆ ಬೇರೆಯವರಿಗೆ ಬಿಡಬೇಕು. ಹೊಸಬರಿಗೆಲ್ಲ ಇದನ್ನು ಕಲಿಸಿದವಳೇ ನಾನು. ಎದ್ದೆ. ಟೊರ್ಲೈವ್‌ನ ಕೋಣೆಯವರೆಗೂ ಹೋದೆ. ಒಳಗೆ ಅವಳು ಇದ್ದಳು. ಇಬ್ಬರೂ ನಗುತ್ತಿದ್ದರು.

ವಾಪಸ್ ಬಂದೆ.

ಜನವರಿ ೨೨, ಸೋಮವಾರ

ಪರದೆಯ ಮೇಲೆ ಚೌಕ ಮೂಡುತ್ತದೆ. ಎರಡು ಬದಿ ಹಸಿರು ಗೆರೆ, ಎರಡು ಬದಿ ಕೆಂಪು. ಚೌಕದ ಒಳಗಿನದು ಲೆಕ್ಕಕ್ಕೆ. ಹಸಿರು ಮುಟ್ಟಿದ್ದೂ ಲೆಕ್ಕಕ್ಕೆ. ಕೆಂಪು ಮುಟ್ಟಿದರೆ ಇಲ್ಲ. ಇಷ್ಟೇ. ಕೈಯಲ್ಲಿ ಹಳೆಯ ಎಣಿಕೆಯ ಗುಂಡಿ, ಕೋಶಕ್ಕೊಂದು ಕ್ಲಿಕ್.

ಹದಿನಾಲ್ಕನೆಯ ಸ್ಲೈಡ್. ದೊಡ್ಡ ತೂತು. ತುಂಬ ಕೋಶ, ಕಂದು ಬಣ್ಣ, ಬಾಲ ಚಾಚಿಕೊಂಡು. ಚೆನ್ನಾಗಿವೆ. ಅವಳು ಹೇಳಿದ್ದು ನಿಜ.

ಹಸಿರು ಗೆರೆ ಮುಟ್ಟಿದ್ದೊಂದು ಬಂತು. ಪೂರ್ತಿ ಮುಟ್ಟಿದೆಯಾ? ಮುಟ್ಟಿದ ಹಾಗೆ. ಬೆರಳು ಒತ್ತಲಿಲ್ಲ.

ಮುಂದಿನ ಚೌಕದಲ್ಲಿ ಎರಡು. ಅವನ್ನೂ ಬಿಟ್ಟೆ.

ಜನವರಿ ೨೫, ಗುರುವಾರ

ಸಣ್ಣ ತೂತಿನವನ್ನು ಅಚ್ಚುಕಟ್ಟಾಗಿ ಎಣಿಸುತ್ತಿದ್ದೇನೆ. ಒಂದೂ ಬಿಡದೆ. ಮೊದಲೇ ಎಣಿಸಿದ್ದ ದೊಡ್ಡ ತೂತಿನವನ್ನು ಮತ್ತೆ ತೆಗೆದು, ಹಸಿರು ಮುಟ್ಟಿದವನ್ನು ಬಿಟ್ಟು ಎಣಿಸಿದೆ.

ಮಾರ್ಥೆ ಉಣ್ಣೆಯ ಕೈಗವಸು ಹೆಣೆದು ತಂದುಕೊಟ್ಟಳು. ಮೈಕ್ರೋಸ್ಕೋಪ್ ಕೋಣೆ ತಣ್ಣಗಿರುತ್ತೆ, ನಿನ್ನ ಬೆರಳು ನೀಲಿಯಾಗಿದ್ದು ನೋಡಿದೆ ಅಂದಳು. ಬೆರಳ ತುದಿ ಬಿಟ್ಟು ಹೆಣೆದಿದ್ದಾಳೆ, ಗುಂಡಿ ಒತ್ತಲು ಅನುಕೂಲವಾಗಲಿ ಅಂತ.

ಬೆಣ್ಣೆ ಹಚ್ಚುತ್ತಿದ್ದಾಳೆ. ಡ್ರಾಯರ್‌ಗೆ ಹಾಕಿದೆ.

ಫೆಬ್ರವರಿ ೨, ಶುಕ್ರವಾರ

ಇಪ್ಪತ್ತೂ ಮುಗಿಯಿತು. ಹಾಳೆ ಕೊಟ್ಟೆ. ಕೇಕ್ ತಿನ್ನಲು ಹೋಗಲಿಲ್ಲ.

ಫೆಬ್ರವರಿ ೨೩, ಶುಕ್ರವಾರ

ಲಕೋಟೆ ಒಡೆದರು.

ಮೂವರೇ ಇದ್ದೆವು. ಮಾರ್ಥೆಯ ಎಣಿಕೆಯಲ್ಲಿ ಮೀನೆಣ್ಣೆ ಗುಂಪಿಗೆ ಕಾಲುಭಾಗದಷ್ಟು ಹೆಚ್ಚು ಹೊಸ ಕೋಶ. ನನ್ನದರಲ್ಲಿ ಎರಡು ಗುಂಪೂ ಒಂದೇ. ಟೊರ್ಲೈವ್ ಎರಡೂ ಹಾಳೆ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಬೆರಳಿಟ್ಟು ಹೋಲಿಸಿದ. ಕಿಟಕಿಯಾಚೆ ಬರ್ಗನ್‌ನ ಮಳೆ, ಮೂರು ವಾರದಿಂದ ನಿಂತಿಲ್ಲ.

"ಮಾರ್ಥೆ, ಹೇಗೋ ಗುಂಪಿನ ಸುಳಿವು ಸಿಕ್ಕಿದೆ ನಿಂಗೆ," ಅಂದ, ಮೆಲ್ಲಗೆ. "ನಿಂಗೇ ಗೊತ್ತಿಲ್ದೆ. ಬೇಕು ಅನ್ನಿಸಿದ ಕಡೆ ಬೆರಳು ಒತ್ತಿಬಿಟ್ಟಿದೆ. ಎಲ್ಲರಿಗೂ ಆಗತ್ತೆ."

"ನಂಗೆ ಏನೂ ಗೊತ್ತಿರ್ಲಿಲ್ಲ, ಟೊರ್ಲೈವ್."

"ಇರಬಹುದು. ಆದ್ರೆ ಎರಡರಲ್ಲಿ ಒಂದನ್ನ ನಂಬು ಅಂದ್ರೆ ನಾನು ಸಿಗ್ರುನ್ ಕಣ್ಣನ್ನ ನಂಬ್ತೀನಿ. ಇದ್ರಲ್ಲಿ ಅವಳಿಗೆ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ."

ಒಂದು ತಿಂಗಳಿಂದ ಆ ಮಾತಿಗೇ ಕಾದಿದ್ದೆ. ಸಿಗ್ರುನ್‌ಳ ಕಣ್ಣು. ಬಂತು. ಕಿವಿ ಬಿಸಿಯಾಯಿತು. ಮಾರ್ಥೆ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಏನು ತಪ್ಪಾಯಿತು ಹೇಳು ಅನ್ನುವ ಹಾಗೆ. ನಾನು ಹಾಳೆ ನೋಡಿದೆ.

ಅವಳ ಕೆಲಸ ಮುಂದುವರಿಸುವ ಅರ್ಜಿಯನ್ನು ಟೊರ್ಲೈವ್ ಮಂಗಳವಾರ ಕಳಿಸಬೇಕಿತ್ತಂತೆ. ಈಗ ಕಳಿಸುವುದಿಲ್ಲ. ಕಡೆಯ ದಿನ ಮಾರ್ಚ್ ಆರು. ಅಷ್ಟರಲ್ಲಿ ಏನೂ ಬದಲಾಗದು ಅಂದ.

ಫೆಬ್ರವರಿ ೨೪

ಗೆದ್ದೆ ತಾನೇ. ಮತ್ತೇನು.

ಫೆಬ್ರವರಿ ೨೮, ಬುಧವಾರ

ಬೆಳಿಗ್ಗೆ ಮೀನೆಣ್ಣೆ ಬಾಯಿಗೆ ಹಾಕಿಕೊಂಡೆ. ಸಿಂಕಿಗೆ ಉಗಿದೆ.

ಟೊರ್ಲೈವ್ ಎರಡು ಸಲ ಸ್ಲೈಡ್ ಹಿಡಿದು ನನ್ನ ಹತ್ತಿರ ಬಂದ. ಮೊದಲಿನ ಹಾಗೆಯೇ. ಏನು ನೋಡಿದೆನೋ, ಏನು ಹೇಳಿದೆನೋ ನೆನಪಿಲ್ಲ.

ಮಾರ್ಥೆ ಊಟಕ್ಕೆ ಬರುತ್ತಿಲ್ಲ. ತನ್ನ ಮೇಜಿನಲ್ಲೇ ಬ್ರೆಡ್ ತಿನ್ನುತ್ತಾಳೆ.

ಮಾರ್ಚ್ ೪, ಸೋಮವಾರ

ಬಂದಳು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಬೈಯಲಿ ಅಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನಂಗೆ ಎಣಿಸೋದು ಹೇಳಿಕೊಡ್ತೀಯಾ, ಸಿಗ್ರುನ್? ಜೂನ್ ಆದ್ಮೇಲೆ ಎಲ್ಲಿ ಹೋದ್ರೂ ಇದೇ ಕೆಲಸ ನಂದು. ಈಗ ಯಾವ ಸ್ಲೈಡ್ ನೋಡಿದ್ರೂ ನನ್ನ ಕಣ್ಣೇ ನಂಗೆ ಸುಳ್ಳು ಹೇಳ್ತಿದೆ ಅನ್ಸತ್ತೆ."

ನಾಳೆ ಅಂದೆ.

ಮಾರ್ಚ್ ೫, ಮಂಗಳವಾರ, ಮಧ್ಯಾಹ್ನ ೨.೪೦

ಸ್ಲೈಡ್ ಅವಳೇ ಆರಿಸಿದಳು. ಹದಿನಾಲ್ಕು. ಇಬ್ಬರ ಎಣಿಕೆಗೂ ಅತಿ ಹೆಚ್ಚು ವ್ಯತ್ಯಾಸ ಬಂದಿದ್ದು ಇದರಲ್ಲೇ ಅಂದಳು. ಪಕ್ಕಪಕ್ಕ ಕೂತೆವು. ಚಳಿ. ಡ್ರಾಯರ್ ತೆಗೆದು ಕೈಗವಸು ಹಾಕಿಕೊಂಡೆ. ಅವಳು ನೋಡಿದಳು.

ಮೂರು ಚೌಕ ಸರಿಯಾಗಿ ಎಣಿಸಿದಳು. ಒಂದೂ ತಪ್ಪಲಿಲ್ಲ. ಒಳ್ಳೆಯ ಕಣ್ಣು. ನನ್ನದಕ್ಕಿಂತ ಒಳ್ಳೆಯದು ಅಂತ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ನಾಲ್ಕನೆಯ ಚೌಕದಲ್ಲಿ ನಿಂತಳು. ಬೆರಳನ್ನು ಪರದೆಯ ಮೇಲಿಟ್ಟಳು.

"ಇದು ಹಸಿರು ಮುಟ್ಟಿದೆ. ನಾನು ಎಣಿಸಿದ್ದೆ. ಎಣಿಸಬಾರದಿತ್ತಾ?"

ಅದೇ ಕೋಶ. ಬಾಲ ಚಾಚಿಕೊಂಡು, ಗೆರೆಯ ಮೇಲೆ ಕೂತಿದೆ. ನಾನು ಬಿಟ್ಟ ಮೊದಲನೆಯದು.

ಒಂದು ನಿಮಿಷ ಅಂತ ಹೇಳಿ ಎದ್ದು ಬಂದೆ. ಈಗ ಕಾರಿಡಾರ್‌ನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳು ಒಳಗೆ ಬೆರಳನ್ನು ಅಲ್ಲೇ ಇಟ್ಟುಕೊಂಡು ಕಾಯುತ್ತಿರಬೇಕು.

ಟೊರ್ಲೈವ್‌ನ ಬಾಗಿಲು ತೆರೆದಿದೆ. ಒಬ್ಬನೇ ಇದ್ದಾನೆ. ಅರ್ಜಿಗೆ ನಾಳೆಯವರೆಗೆ ಸಮಯ ಇದೆ. ಮೊದಲು ಸೂಜಿಯ ವಿಷಯ ಹೇಳುತ್ತೇನೆ. ಆಮೇಲೆ ಬೆಕ್ಕಿನದು. ಆಮೇಲೆ